ಸನ್ನೆ, ರಾಟೆ ಮತ್ತು ಕಂತಿನ ಸಾಲ

ಬಾವಿಗೆ ರಾಟೆ ಕಟ್ಟಿದರೆ ಕೊಡ ಹಗುರ ಆಗುತ್ತಾ? ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಯ 26 ಮಕ್ಕಳನ್ನು ಕೇಳಿದೆ. 26 ಕೈಗಳೂ ಮೇಲೆದ್ದವು. ಹಿಂದೆ ನಿಂತಿದ್ದ ಮೇಡಂ ಕೈಯೂ ಅರ್ಧದವರೆಗೆ ಎದ್ದು, ನನ್ನ ಮುಖ ನೋಡಿ ಕೆಳಗಿಳಿಯಿತು.

5 ಕೆಜಿ ಅಕ್ಕಿ ಚೀಲವನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿದೆವು. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುತ್ತಾರಲ್ಲ, ಅದೇ ತಕ್ಕಡಿ. 5 ಅಂತ ತೋರಿಸಿತು. ಆಮೇಲೆ ಬೇವಿನ ಕೊಂಬೆಗೆ ರಾಟೆ ಕಟ್ಟಿ, ಹಗ್ಗದ ತುದಿಗೆ ತಕ್ಕಡಿ ಸಿಕ್ಕಿಸಿ, ಅದೇ ಚೀಲವನ್ನು ಎಳೆದೆವು. ತಕ್ಕಡಿ 5.6 ತೋರಿಸಿತು. "ತಕ್ಕಡಿ ಕೆಟ್ಟೋಗಿದೆ ಸಾರ್" ಅಂತ ಒಬ್ಬ ತೀರ್ಪು ಕೊಟ್ಟ.

ತಕ್ಕಡಿ ಸರಿಯಾಗೇ ಇತ್ತು. ಮೇಲೆ ಕಟ್ಟಿದ ಒಂಟಿ ರಾಟೆ ಒಂದು ಗ್ರಾಂ ಭಾರವನ್ನೂ ಇಳಿಸುವುದಿಲ್ಲ. ಅದರ ಅಚ್ಚು ಉಜ್ಜಿಕೊಂಡು ತಿರುಗುವುದರಿಂದ ಸ್ವಲ್ಪ ಜಾಸ್ತಿಯೇ ಎಳೆಯಬೇಕಾಗುತ್ತದೆ. ರಾಟೆ ಬದಲಿಸುವುದು ದಿಕ್ಕನ್ನು ಮಾತ್ರ. ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಜಗ್ಗುತ್ತೇವೆ. ನಮ್ಮ ಮೈಭಾರವೂ ಹಗ್ಗದ ಮೇಲೆ ಬೀಳುತ್ತದೆ, ಸೊಂಟ ಬಗ್ಗಿಸುವುದು ತಪ್ಪುತ್ತದೆ. ಆ ಸುಖವನ್ನೇ ನಾವು ಹಗುರ ಅಂದುಕೊಂಡಿದ್ದೇವೆ.

"ಸರಳ ಯಂತ್ರಗಳು ನಮ್ಮ ಕೆಲಸವನ್ನು ಕಡಿಮೆ ಮಾಡುತ್ತವೆ" ಎಂಬ ವಾಕ್ಯ ಕಂಡರೆ ನನಗೆ ಮೈ ಉರಿಯುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ತಗೊಳ್ಳುತ್ತಾರೆ. ದೊಡ್ಡವರಾದ ಮೇಲೂ ಅದೇ ನಂಬಿಕೆ. ಪೆಟ್ರೋಲು, ಕರೆಂಟು ಯಾವುದೂ ಇಲ್ಲದೆ ಓಡುವ ಬೈಕು, ತಾನೆತ್ತಿದ ನೀರಿನಿಂದಲೇ ತಾನು ಓಡುವ ಪಂಪು ಅಂತ ಫೋನಿಗೆ ಬರುವ ವಿಡಿಯೊಗಳನ್ನು ನಂಬಿ ದುಡ್ಡು ಕಳೆದುಕೊಳ್ಳುವವರ ತಲೆಯಲ್ಲಿ ಈ ವಾಕ್ಯ ಎಲ್ಲೋ ಕೂತಿರುತ್ತದೆ.

ನಾನೂ ಮೊದಲ ದಿನ ತಪ್ಪು ಮಾಡಿದ್ದೆ. ಬೋರ್ಡಿನ ಮೇಲೆ ಆರು ಸರಳ ಯಂತ್ರಗಳ ಚಿತ್ರ ಬರೆದೆ: ಸನ್ನೆ, ರಾಟೆ, ಇಳಿಜಾರು, ಬೆಣೆ, ತಿರುಪು, ಚಕ್ರ ಮತ್ತು ಅಚ್ಚು. ಮಕ್ಕಳು ಅಚ್ಚುಕಟ್ಟಾಗಿ ನಕಲು ಮಾಡಿಕೊಂಡರು. ಆಕಳಿಸಿದರು. ಮಾರನೇ ದಿನ ಬೋರ್ಡಿನ ಹತ್ತಿರ ಹೋಗಲೇ ಇಲ್ಲ. ಜಗಲಿಯ ಕೆಳಗೆ ಸಾಮಾನಿನ ನಾಲ್ಕು ಗುಡ್ಡೆ ಹಾಕಿದೆ. ಒಂದರಲ್ಲಿ ರಾಟೆ ಮತ್ತು ಹಗ್ಗ. ಇನ್ನೊಂದರಲ್ಲೂ ಅದೇ, ಆದರೆ ಇಲ್ಲಿ ರಾಟೆಯನ್ನು ಚೀಲಕ್ಕೇ ಕಟ್ಟಬೇಕು. ಮೂರನೆಯದರಲ್ಲಿ 180 ಸೆಂಟಿಮೀಟರ್ ಹಲಗೆ. ನಾಲ್ಕನೆಯದರಲ್ಲಿ 3 ಮೀಟರ್ ಬಿದಿರು. ಜಗಲಿಯ ಎತ್ತರ 60 ಸೆಂಟಿಮೀಟರ್. ಅಕ್ಕಿ ಚೀಲ ಮೇಲೆ ಹೋಗಬೇಕು. ಯಾವ ಗುಡ್ಡೆ ಬೇಕೋ ಅದನ್ನು ಆರಿಸಿಕೊಳ್ಳಿ, ಬೇಜಾರಾದರೆ ಬದಲಿಸಿ. ನಿಯಮ ಒಂದೇ: ಎಷ್ಟು ಕೆಜಿ ಎಳೆದಿರಿ, ಎಷ್ಟು ದೂರ ಎಳೆದಿರಿ, ಎರಡನ್ನೂ ಬರೆಯಬೇಕು. (ಬಲವನ್ನು ಕೆಜಿಯಲ್ಲಿ ಹೇಳಬಾರದು, ನ್ಯೂಟನ್ ಅನ್ನಬೇಕು ಅಂತ ಗೊಣಗುವವರು ಗೊಣಗಲಿ. ಹತ್ತು ವರ್ಷದ ಮಕ್ಕಳಿಗೆ ಅಕ್ಕಿಯ ಕೆಜಿ ಗೊತ್ತು.)

ಆಯ್ಕೆ ಅಂದರೆ ಒಬ್ಬರು ಚಿತ್ರ ಬಿಡಿಸಿ, ಇನ್ನೊಬ್ಬರು ಪದ್ಯ ಬರೆದು, ಮತ್ತೊಬ್ಬರು ಬಣ್ಣದ ಕಾಗದ ಅಂಟಿಸುವುದು ಅಂತ ಕೆಲವರು ತಿಳಿದಿದ್ದಾರೆ. ಅದರಲ್ಲಿ ವಿಜ್ಞಾನ ಎಲ್ಲಿದೆ? ಗುರಿ ಒಂದೇ ಇರಬೇಕು, ಅಲ್ಲಿಗೆ ಹೋಗುವ ದಾರಿಯನ್ನು ಮಗು ಆರಿಸಬೇಕು. ಆಗ ಮಾತ್ರ ಪಕ್ಕದ ಗುಂಪಿನ ಲೆಕ್ಕ ನೋಡಿ ಜಗಳ ಆಡಬಹುದು. ನಮ್ಮ ಮಕ್ಕಳಿಗೆ ಇದು ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆ ಕಡೆಯ ಶಾಲೆಗಳಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಕಾರ್ಡು ಎತ್ತಿಕೊಂಡು ಗುಂಪಿನಲ್ಲಿ ಕೂತು ತಮ್ಮ ಪಾಡಿಗೆ ಕಲಿಯುತ್ತಾರೆ. ಅದೇ ಅಭ್ಯಾಸಕ್ಕೆ ಇಲ್ಲಿ ಒಂದು ತಕ್ಕಡಿ ಸೇರಿತು, ಅಷ್ಟೇ.

ಕೈಯಲ್ಲೇ ಎತ್ತಿದರೆ 5 ಕೆಜಿ, 60 ಸೆಂಟಿಮೀಟರ್. ಗುಣಿಸಿದರೆ 300. ವಿಜ್ಞಾನದಲ್ಲಿ ಕೆಲಸ ಅಂದರೆ ಈ ಗುಣಾಕಾರವೇ. ಮಕ್ಕಳು ಇದಕ್ಕೆ "ಬಿಲ್ಲು" ಅಂತ ಹೆಸರಿಟ್ಟರು. ಅಂಗಡಿ ಬಿಲ್ಲು.

ಚೀಲಕ್ಕೇ ರಾಟೆ ಕಟ್ಟಿದವರು ಮೊದಲು ಕುಣಿದರು. ಬರೀ 3 ಕೆಜಿ! ಹಗ್ಗದ ಒಂದು ತುದಿ ಕೊಂಬೆಗೆ ಬಿಗಿದಿದೆ, ಇನ್ನೊಂದು ಕೈಯಲ್ಲಿದೆ. ಒಂದು ಬಿಂದಿಗೆಯನ್ನು ಇಬ್ಬರು ಹಿಡಿದುಕೊಂಡ ಹಾಗೆ ಕೊಂಬೆ ಅರ್ಧ ಭಾರ ಹೊರುತ್ತದೆ. ಆದರೆ ಎಳೆದ ಹಗ್ಗ ಅಳೆದು ನೋಡಿದರೆ 120 ಸೆಂಟಿಮೀಟರ್. ಚೀಲ 60 ಏರಬೇಕಾದರೆ ಎರಡೂ ಬದಿಯ ಹಗ್ಗ 60-60 ಕಡಿಮೆಯಾಗಬೇಕಲ್ಲ. 3ನ್ನು 120ರಿಂದ ಗುಣಿಸಿದರೆ 360. ಬಿಲ್ಲು ಕಡಿಮೆಯಾಗಿಲ್ಲ, ಏರಿದೆ.

ಇದು ಕಂತಿನ ವ್ಯಾಪಾರ. ಫ್ರಿಜ್ಜಿಗೆ ಒಂದೇ ಸಲ ದುಡ್ಡು ಸುರಿಯಲು ಆಗದವರು ತಿಂಗಳು ತಿಂಗಳು ಕಟ್ಟುತ್ತಾರೆ. ಪ್ರತಿ ಕಂತು ಸಣ್ಣದು, ಆದರೆ ಕಂತುಗಳು ಜಾಸ್ತಿ. ಬಲ ಅನ್ನುವುದು ಕಂತಿನ ಮೊತ್ತ, ದೂರ ಅನ್ನುವುದು ಕಂತುಗಳ ಸಂಖ್ಯೆ. 60 ಹೆಚ್ಚಿಗೆ ಬಂತಲ್ಲ, ಅದು ಬಡ್ಡಿ. ಘರ್ಷಣೆ ಎಂಬ ಸಾಹುಕಾರ ಅದನ್ನು ವಸೂಲಿ ಮಾಡಿ ಅಚ್ಚನ್ನು ಬಿಸಿ ಮಾಡುತ್ತಾನೆ. ಆಗುಂಬೆ ಘಾಟಿ ರಸ್ತೆಯೂ ಇದೇ ಲೆಕ್ಕ. ನೆಟ್ಟಗೆ ಹತ್ತಲು ಆಗದ ಬಸ್ಸು ತಿರುವು ತಿರುವಾಗಿ ಕಂತು ಕಟ್ಟುತ್ತಾ ಹತ್ತುತ್ತದೆ. ಒಂದು ಕಾಗದದ ತ್ರಿಕೋನವನ್ನು ಪೆನ್ಸಿಲ್ಲಿಗೆ ಸುತ್ತಿ ನೋಡಿ, ಅದರ ಓರೆ ಅಂಚು ತಿರುಪಿನ ಎಳೆಯಾಗುತ್ತದೆ. ತಿರುಪು ಅಂದರೆ ಕಂಬಕ್ಕೆ ಸುತ್ತಿದ ಘಾಟಿ ರಸ್ತೆ.

ಹಲಗೆ ಗುಂಪು ಬಡ್ಡಿಗೆ ಸಿಕ್ಕಿ ಒದ್ದಾಡಿತು. ಚೀಲವನ್ನು ಸುಮ್ನೆ ಹಲಗೆ ಮೇಲೆ ದರದರ ಎಳೆದರೆ 3.5 ಕೆಜಿ. 180 ಸೆಂಟಿಮೀಟರಿಗೆ ಬಿಲ್ಲು 630! ಅಸಲಿಗಿಂತ ಬಡ್ಡಿಯೇ ದೊಡ್ಡದು. ಒಬ್ಬಳು ಹುಡುಗಿ ಮಾತಾಡದೆ ಒಳಗೆ ಹೋಗಿ, ಬಣ್ಣ ಮುಗಿದ ಸ್ಕೆಚ್ ಪೆನ್ನುಗಳನ್ನು ತಂದು ಹಲಗೆ ಮೇಲೆ ಅಡ್ಡಡ್ಡ ಹರಡಿದಳು. ಅವುಗಳ ಮೇಲೆ ಪರೀಕ್ಷೆಯ ಪ್ಯಾಡು, ಪ್ಯಾಡಿನ ಮೇಲೆ ಚೀಲ. ಈಗ 1.9 ಕೆಜಿ. ಬಿಲ್ಲು 342. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಷ್ಟರಲ್ಲಿ ಬಿದಿರಿನ ಗುಂಪಿನಿಂದ ಕೂಗು ಬಂತು. "ಸಾರ್, ನಮ್ಮ ಬಿಲ್ಲು 252!"

ನನಗೆ ಬೇಕಿದ್ದದ್ದು ಇದೇ. ಅವರು ಬಿದಿರನ್ನೇ ಸನ್ನೆ ಮಾಡಿ, ಬಾವಿಯಿಂದ ನೀರೆತ್ತುವ ಏತದ ಹಾಗೆ ಕೊಂಬೆಗೆ ಕಟ್ಟಿದ್ದರು. ಒಂದು ಮೀಟರ್ ಆಚೆ ಚೀಲ, ಎರಡು ಮೀಟರ್ ಈಚೆ ಕೈ. ತಕ್ಕಡಿಯಲ್ಲಿ 2.1 ಕೆಜಿ, ಕೈ ಇಳಿದದ್ದು 120 ಸೆಂಟಿಮೀಟರ್. 300ಕ್ಕಿಂತ ಕಡಿಮೆ! ಹಾಗಾದರೆ 48 ಪುಕ್ಕಟೆ ಸಿಕ್ಕಿತಾ? ಮೂರು ಸಲ ಅಳೆದರು, ಅದೇ ಬಂತು. ಉಳಿದ ಗುಂಪುಗಳೆಲ್ಲ ಸುತ್ತ ಸೇರಿದವು. ಬಿಲ್ಲಿನಲ್ಲಿ ಉಳಿದದ್ದನ್ನು ಯಾರು ಕೊಟ್ಟರು, ಹುಡುಕಿ ಅಂದೆ. ಹತ್ತು ನಿಮಿಷ ಗಲಾಟೆ. ಕೊನೆಗೆ ಒಬ್ಬ, "ಬಿದಿರೂ ಕೆಳಗೆ ಬಂತಲ್ಲ ಸಾರ್" ಅಂದ.

ಹೌದು, ಬಿದಿರೂ ಕೆಳಗೆ ಬಂದಿತ್ತು. ತೂಗಿ ನೋಡಿದರೆ ಅದು 1.5 ಕೆಜಿ. ಅದರ ನಡು, ಕಟ್ಟಿದ ಜಾಗದಿಂದ ಕೈಯ ಕಡೆಗೆ ಅರ್ಧ ಮೀಟರ್ ದೂರದಲ್ಲಿದೆ. ಕೈ 120 ಇಳಿದಾಗ ನಡು 30 ಇಳಿಯುತ್ತದೆ. 1.5ನ್ನು 30ರಿಂದ ಗುಣಿಸಿದರೆ 45. 252ಕ್ಕೆ ಕೂಡಿಸಿದರೆ 297. ಕೊಕ್ಕೆ ತಕ್ಕಡಿಗೆ 3ರ ತಪ್ಪನ್ನು ಮಾಫಿ ಮಾಡಬಹುದು. ಬಿದಿರು ಸದ್ದಿಲ್ಲದೆ ತನ್ನ ಪಾಲಿನ ದುಡ್ಡು ಕಟ್ಟಿತ್ತು.

ಹಳೆಯ ನೀರಾವರಿಯೆಲ್ಲ ಹೀಗೆ ಬಿಲ್ಲನ್ನು ಬೇರೆಯವರ ತಲೆಗೆ ಕಟ್ಟುವ ಜಾಣತನ. ಏತದ ಮರದ ಮೇಲೆ ಜನ ಹಿಂದೆ ಮುಂದೆ ನಡೆದು ತಮ್ಮ ಮೈಭಾರದಿಂದ ಅದನ್ನು ತೂಗಿಸುತ್ತಿದ್ದರು. ಕಪಿಲೆ ಬಾವಿಯ ಪಕ್ಕ ಇಳಿಜಾರು ಮಾಡಿ, ಎತ್ತುಗಳು ಇಳಿಯುತ್ತಾ ಎಳೆಯುವ ಹಾಗೆ ನೋಡಿಕೊಳ್ಳುತ್ತಿದ್ದರು. ಎತ್ತಿನ ಭಾರವೂ ಚರ್ಮದ ಬಾನಿ ಮೇಲೆತ್ತಲು ಸೇರುತ್ತಿತ್ತು. ಈಗ ಏತ ಹೋಗಿದೆ, ಹೆಸರು ಉಳಿದಿದೆ. ದೊಡ್ಡ ದೊಡ್ಡ ಕರೆಂಟು ಪಂಪುಗಳ ಯೋಜನೆಯನ್ನೂ ನಾವು ಏತ ನೀರಾವರಿ ಅಂತಲೇ ಕರೆಯುತ್ತೇವೆ.

ಆರ್ಕಿಮಿಡೀಸ್ ನಿಲ್ಲಲು ಜಾಗ ಕೊಟ್ಟರೆ ಭೂಮಿಯನ್ನೇ ಎತ್ತುತ್ತೇನೆ ಅಂದನಂತೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಬಿಲ್ಲು ಯಾರೂ ಕೇಳುವುದಿಲ್ಲ. ಭೂಮಿಯ ರಾಶಿ 6ರ ಮುಂದೆ 24 ಸೊನ್ನೆ ಇಟ್ಟಷ್ಟು ಕೆಜಿ. ಅಷ್ಟನ್ನು ನಮ್ಮ ಅಕ್ಕಿ ಚೀಲದ ಹಾಗೆ ತೂಗಿ, 60 ಕೆಜಿಯ ಮನುಷ್ಯ ಒಂದೇ ಒಂದು ಸೆಂಟಿಮೀಟರ್ ಎತ್ತಬೇಕಾದರೆ, ಸನ್ನೆಯ ಅವನ ಕಡೆಯ ತುದಿ ಸುಮಾರು ಒಂದು ಲಕ್ಷ ಬೆಳಕಿನ ವರ್ಷ ಇಳಿಯಬೇಕು. ನಮ್ಮ ಹಾಲುಹಾದಿಯ ಈ ಕೊನೆಯಿಂದ ಆ ಕೊನೆಗೆ ಹೆಚ್ಚೂ ಕಡಿಮೆ ಅಷ್ಟೇ ದೂರ.

ಒಂದನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೊ ಎಂಬ ಗ್ರೀಕ್ ಪಂಡಿತ ಸರಳ ಯಂತ್ರಗಳ ಪಟ್ಟಿ ಮಾಡಿದಾಗ ಅದರಲ್ಲಿ ಐದೇ ಇದ್ದವು. ಇಳಿಜಾರು ಇರಲಿಲ್ಲ. ಸುಮ್ಮನೆ ಬಿದ್ದಿರುವ ಹಲಗೆ ಯಂತ್ರ ಅಂತ ಯಾರಿಗೆ ತಾನೇ ಅನ್ನಿಸುತ್ತದೆ? ಅದರ ಲೆಕ್ಕವನ್ನು 1586ರಲ್ಲಿ ಸೈಮನ್ ಸ್ಟೆವಿನ್ ಎಂಬ ಎಂಜಿನಿಯರ್ ಎಷ್ಟು ಚಂದವಾಗಿ ಬಿಡಿಸಿದ ಅಂದರೆ, ನನಗೆ ಇವತ್ತಿಗೂ ಖುಷಿ. ಒಂದು ಗುಡ್ಡ. ಒಂದು ಬದಿಯ ಇಳಿಜಾರು ಇನ್ನೊಂದರ ಎರಡರಷ್ಟು ಉದ್ದ. ಅದರ ಮೇಲೆ 14 ಗುಂಡುಗಳ ಸರವನ್ನು ಹೂಮಾಲೆಯ ಹಾಗೆ ಹಾಕಿ. ಉದ್ದ ಬದಿಯಲ್ಲಿ 4 ಗುಂಡು, ಗಿಡ್ಡ ಬದಿಯಲ್ಲಿ 2, ಉಳಿದ 8 ಕೆಳಗೆ ಜೋತಾಡುತ್ತವೆ. 4 ಗುಂಡಿನ ಕಡೆ ಭಾರ ಜಾಸ್ತಿ ಅಂತ ಸರ ಜಾರಿದರೆ, ಜಾರಿದ ಮೇಲೂ ಅಲ್ಲಿ 4, ಇಲ್ಲಿ 2 ಇರುತ್ತವೆ. ಮತ್ತೆ ಜಾರಬೇಕು, ಮತ್ತೆ. ಯುಗಯುಗ ತಿರುಗುತ್ತಲೇ ಇರಬೇಕು. ಅದು ಆಗುವ ಮಾತಲ್ಲ. ಹಾಗಾಗಿ ಸರ ಅಲ್ಲಾಡುವುದಿಲ್ಲ, 4ಕ್ಕೆ 2 ಸಮ. ಎರಡರಷ್ಟು ಉದ್ದದ ದಾರಿಯಲ್ಲಿ ಅರ್ಧ ಬಲ ಸಾಕು! ಆ ಚಿತ್ರದ ಜೊತೆಗೆ ಅವನು ತನ್ನ ಭಾಷೆಯಲ್ಲಿ ಬರೆದುಕೊಂಡ: ಅದ್ಭುತ, ಆದರೂ ಅದ್ಭುತವಲ್ಲ.

ಈ ಮಾತು ನೆನಪಾಗಲು ಕಾರಣ ಐದನೇ ತರಗತಿಯ ಒಬ್ಬ ಹುಡುಗ. "ಹಂಪೀಲಿ ಕಲ್ಲುಗಳನ್ನ ಮಂತ್ರದಿಂದ ಎತ್ತಿದ್ರಂತೆ, ಹೌದಾ ಸಾರ್?" ಅವನ ಮಾವನ ಫೋನಿಗೆ ಬಂದಿತ್ತಂತೆ. ಹಂಪಿಗೆ ಹೋದಾಗ ಬಂಡೆಗಳ ಮೈ ನೋಡು ಅಂದೆ. ಹೊಲಿಗೆ ಹಾಕಿದ ಹಾಗೆ ಸಾಲಾಗಿ ಚೌಕ ಗುಳಿಗಳಿವೆ. ಅವು ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಇನ್ನು ಶ್ರವಣಬೆಳಗೊಳದ ಗೊಮ್ಮಟನನ್ನು ಬೆಟ್ಟಕ್ಕೆ ಹೇಗೆ ಹತ್ತಿಸಿದರು ಅಂತ ಕೇಳುವವರಿಗೆ ಉತ್ತರ ಚಿಕ್ಕದು: ಹತ್ತಿಸಲೇ ಇಲ್ಲ, ಬೆಟ್ಟದ ಮೇಲಿದ್ದ ಬಂಡೆಯನ್ನೇ ಕೆತ್ತಿದರು. ಮಂತ್ರದ ಕಥೆಯಿಂದ ನನಗೆ ಸಿಟ್ಟು ಬರುವುದು ಬೆಣೆ ಹೊಡೆದವರ ಪರವಾಗಿ. ಅಂಗೈ ಬೊಬ್ಬೆ ಅವರದು, ಹೆಸರು ಮಂತ್ರಕ್ಕೆ. ತೇರು ನಿಂತರೆ ದೇವರಿಗೆ ಕೋಪ ಅನ್ನುತ್ತಾರೆ. ಅದನ್ನು ಮತ್ತೆ ಹೊರಡಿಸುವವರು ಚಕ್ರದ ಕೆಳಗೆ ಸನ್ನೆ ಹಾಕುವವರೇ ಅಲ್ವಾ?

ಎಲ್ಲ ಸನ್ನೆಯೂ ಬಲ ಉಳಿಸುತ್ತದೆ ಅಂತಲೂ ಇಲ್ಲ. ನಮ್ಮ ಮುಂದೋಳನ್ನೇ ನೋಡಿ. ತೋಳಿನ ಸ್ನಾಯು ಮೊಣಕೈಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲೇ ಮೂಳೆಗೆ ಅಂಟಿದೆ. ಅಂಗೈ ಇರುವುದು ಅದರ ಏಳೆಂಟು ಪಟ್ಟು ದೂರ. ಹಾಗಾಗಿ ಅಂಗೈಯಲ್ಲಿ 5 ಕೆಜಿ ಹಿಡಿದರೆ ಸ್ನಾಯು 35 ಕೆಜಿಗಿಂತ ಜಾಸ್ತಿ ಎಳೆಯುತ್ತದೆ. ನಷ್ಟದ ವ್ಯಾಪಾರ ಅನ್ನಬೇಡಿ. ಸ್ನಾಯು ಒಂದಿಂಚು ಅಲ್ಲಾಡಿದರೆ ಕೈ ಏಳೆಂಟು ಇಂಚು ಬೀಸುತ್ತದೆ. ಕಲ್ಲು ಎಸೆದು ಮಾವಿನಕಾಯಿ ಉದುರಿಸಲು ಬೇಕಾದದ್ದು ಆ ಬೀಸು.

ಕೊನೆಯ ದಿನ ಶಾಲೆ ಮುಂದೆ ಗೂಡ್ಸ್ ಆಟೊ ನಿಲ್ಲಿಸಿದ್ದ ಡ್ರೈವರಣ್ಣ ಹಳೆಯ ಸ್ಕ್ರೂ ಜಾಕು ತೋರಿಸಿದರು. ಹಿಡಿ 30 ಸೆಂಟಿಮೀಟರ್, ಒಂದು ಸುತ್ತಿಗೆ ಜಾಕು ಏರುವುದು ಅರ್ಧ ಸೆಂಟಿಮೀಟರ್. ಕೈ 188 ಸೆಂಟಿಮೀಟರ್ ಸುತ್ತಿದರೆ ಗಾಡಿ ಅರ್ಧ ಸೆಂಟಿಮೀಟರ್ ಮೇಲೆ. ಲೆಕ್ಕಕ್ಕೆ 376 ಪಟ್ಟು ಬಲ. ಆದರೆ ಬಡ್ಡಿ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಸ್ಕೆಚ್ ಪೆನ್ನಿನ ಹುಡುಗಿ ಇಲ್ಲೂ ಬಡ್ಡಿ ಕಡಿಮೆ ಮಾಡೋಣ ಅಂದಳು. ಡ್ರೈವರಣ್ಣ ನಕ್ಕರು. ಹಿಡಿ ಬಿಟ್ಟರೂ ಜಾಕು ತಾನಾಗಿ ಕೆಳಗೆ ಜಾರದೆ ನಿಲ್ಲುವುದು ಆ ಘರ್ಷಣೆಯಿಂದ. ಬಡ್ಡಿ ಒಟ್ಟು ಬಿಲ್ಲಿನ ಅರ್ಧಕ್ಕಿಂತ ಕಡಿಮೆ ಇರುವ ತಿರುಪು ಭಾರಕ್ಕೆ ತಿರುಗಿಕೊಂಡು ಇಳಿದುಬಿಡಬಹುದು. ಟೈರು ಬಿಚ್ಚಿದಾಗ ಗಾಡಿ ಇಳಿದರೆ ಕೈಯೇ ಹೋಯಿತು.

ಅವಳು ಹಿಡಿ ತಿರುಗಿಸಲು ಕೂತಳು. ಜಾಕು ಪೂರ್ತಿ ಏರುವುದು 20 ಸೆಂಟಿಮೀಟರ್, ಅಂದರೆ 40 ಸುತ್ತು. ಉಳಿದವರು ಸುತ್ತ ಕೂತು ಜೋರಾಗಿ ಎಣಿಸಿದರು. 31ನೇ ಸುತ್ತಿಗೆ ಊಟದ ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ.