ಸ್ಟುಡಿಯೋ, ಮನೆ ಒಂದೇ ಸೂರಿನಡಿ: ಖರ್ಚು ಎಲ್ಲಿ, ಉಳಿತಾಯ ಎಲ್ಲಿ?

ಪ್ರಶ್ನೆ: ನಾನು ತೈಲವರ್ಣದ ಚಿತ್ರ ಬರೆಯುತ್ತೇನೆ. ಚಿಕ್ಕ ನಿವೇಶನದಲ್ಲಿ, ಕಡಿಮೆ ಖರ್ಚಿನಲ್ಲಿ ಕೆಲಸಕ್ಕೂ ವಾಸಕ್ಕೂ ಆಗುವ ಮನೆ ಬೇಕು. ಯಾವುದಕ್ಕೆ ದುಡ್ಡು ಹಾಕಲಿ, ಯಾವುದನ್ನು ಬಿಡಲಿ?

ಉತ್ತರ: ಎತ್ತರ, ಬೆಳಕು, ಗಾಳಿ ಈ ಮೂರಕ್ಕೆ ಕೈ ಬಿಗಿಹಿಡಿಯಬೇಡಿ. ಉಳಿದುದರಲ್ಲಿ ಉಳಿಸಲು ದಾರಿಯಿದೆ.

ಸ್ಟುಡಿಯೋ ಕಿಟಕಿ ನೇರ ಬಿಸಿಲು ಬೀಳದ ಕಡೆಗಿರಲಿ. ಭೂಮಧ್ಯರೇಖೆಯಿಂದ ಉತ್ತರಕ್ಕಿರುವ ಊರುಗಳಲ್ಲಿ ಅದು ಉತ್ತರ, ದಕ್ಷಿಣಕ್ಕಿರುವಲ್ಲಿ ದಕ್ಷಿಣ. ಉಷ್ಣವಲಯದಲ್ಲಿ ಇಷ್ಟೇ ಸಾಲದು. ಅಲ್ಲಿ ವರ್ಷದ ಕೆಲವು ತಿಂಗಳು ಆ ದಿಕ್ಕಿನಿಂದಲೂ ಬಿಸಿಲು ಬರುತ್ತದೆ. ಮಧ್ಯಾಹ್ನದ್ದನ್ನು ಎರಡಡಿಯ ಸಜ್ಜಾ ತಡೆದೀತು. ಬೆಳಗ್ಗೆ, ಸಂಜೆಯ ಓರೆ ಬಿಸಿಲಿಗೆ ಕಿಟಕಿಯ ಎರಡೂ ಪಕ್ಕ ಲಂಬವಾದ ಮರೆ ಬೇಕು. ಅಗಲಕ್ಕಿಂತ ಎತ್ತರ ಮುಖ್ಯ: ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಅದರ ಸುಮಾರು ಎರಡು ಪಟ್ಟು ಒಳಕ್ಕೆ ಕೆಲಸಕ್ಕೊದಗುವ ಬೆಳಕು ತಲುಪುತ್ತದೆ. ಹತ್ತು ಅಡಿಗೆ ಮೇಲಂಚು ಇಟ್ಟರೆ ಇಪ್ಪತ್ತಡಿ ಆಳದ ಕೋಣೆಗೆ ಸಾಕು. ಕೆಳಗಿನ ನಾಲ್ಕಡಿ ಗೋಡೆಯೇ ಇರಲಿ. ಬೆಳಕು ಮೇಲಿನಿಂದ ಬಿದ್ದರೆ ಹಸಿ ಬಣ್ಣದ ಮೇಲಿನ ಹೊಳಪು ಕಣ್ಣಿಗೆ ಕಡಿಮೆ ಹೊಡೆಯುತ್ತದೆ.

ಅಡುಗೆಮನೆ, ಬಚ್ಚಲು, ಕುಂಚ ತೊಳೆಯುವ ಸಿಂಕ್ ಮೂರನ್ನೂ ಒಂದೇ ಗೋಡೆಗೆ ಬೆನ್ನು ಹಚ್ಚಿ. ಪೈಪಿನ ಉದ್ದ ಇಳಿಯುತ್ತದೆ, ಅಗೆಯುವ ಕೆಲಸವೂ ಕಡಿಮೆ. ಕುಂಚದ ಸಿಂಕ್ ಮಾತ್ರ ಬೇರೆಯದೇ ಇರಬೇಕು. ಅದರಡಿ ಬಿಚ್ಚಿ ತೊಳೆಯಬಹುದಾದ ಗಸಿ ಡಬ್ಬಿಯಿಡಿ, ಇಲ್ಲವಾದರೆ ಗೆಸ್ಸೊ (ಕ್ಯಾನ್ವಾಸಿಗೆ ಮೊದಲು ಬಳಿಯುವ ತಳಬಣ್ಣ), ಪ್ಲಾಸ್ಟರ್ ಪೈಪಿನೊಳಗೇ ಗಟ್ಟಿಯಾಗುತ್ತವೆ. ಬಣ್ಣ ತೆಳುಮಾಡುವ ಟರ್ಪೆಂಟೈನನ್ನು ಚರಂಡಿಗೆ ಬಿಡಲೇಬಾರದು. ನೆಲಕ್ಕೆ ನುಣುಪು ಸಿಮೆಂಟ್ ಸಾಕು. ಒಂದು ಗೋಡೆಗೆ ಮರದ ಪಟ್ಟಿ ಹೊಡೆದು 12 ಮಿ.ಮೀ. ಪ್ಲೈವುಡ್ ಹಾಕಿಸಿದರೆ ಬೇಕಾದಲ್ಲಿ ಮೊಳೆ ಹೊಡೆಯಬಹುದು.

ಹಲವರು ಎಡವುವುದು ಗಾಳಿಯಲ್ಲಿ. ಮಲಗುವ ಕಡೆಗೂ ಸ್ಟುಡಿಯೋಗೂ ನಡುವೆ ಪರದೆ ಸಾಲದು. ಸೂರಿನವರೆಗಿನ ಗೋಡೆ, ಬಿಗಿಯಾಗಿ ಮುಚ್ಚುವ ಬಾಗಿಲು ಬೇಕು. ಎಕ್ಸಾಸ್ಟ್ ಫ್ಯಾನ್ ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಚೌಕಟ್ಟು) ಬಳಿ, ಟರ್ಪೆಂಟೈನಿನ ಆವಿಯನ್ನು ಮುಖದಿಂದಾಚೆಗೆ ಎಳೆಯುವಂತಿರಲಿ. ಎದುರು ಗೋಡೆಯಲ್ಲಿ ಹೊರಗಾಳಿಗೆ ಕಿಂಡಿ ಬಿಡಿ, ಇಲ್ಲವಾದರೆ ಫ್ಯಾನಿಗೆ ಎಳೆಯಲು ಗಾಳಿಯೇ ಸಿಗದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಗುಡ್ಡೆ ಹಾಕಬೇಡಿ: ಎಣ್ಣೆ ಒಣಗುವಾಗ ಹುಟ್ಟುವ ಶಾಖ ಹೊರಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಅಟ್ಟದ ಲೆಕ್ಕ ಮೊದಲೇ ಆಗಬೇಕು. ಸೂರು ಹನ್ನೆರಡಡಿ ಎತ್ತರವಿದ್ದರೆ, ಬಚ್ಚಲಿಗೆ ಏಳೂವರೆ ಅಡಿ ಹೋಗಿ ಅದರ ಮೇಲೆ ಸಿಗುವುದು ನಾಲ್ಕೂವರೆ ಅಡಿ, ಅದು ಕ್ಯಾನ್ವಾಸ್ ಜೋಡಿಸಲಷ್ಟೇ. ಅಲ್ಲಿ ನಿಂತು ಓಡಾಡಬೇಕಾದರೆ ಹದಿನೈದಡಿ ಬೇಕು.

ಬಾಗಿಲ ಅಳತೆಯನ್ನು ನೀವು ಬರೆಯುವ ಅತಿದೊಡ್ಡ ಚಿತ್ರ ನೋಡಿ ನಿರ್ಧರಿಸಿ. ಆರಡಿ ಎತ್ತರ, ಎಂಟಡಿ ಅಗಲದ ಕ್ಯಾನ್ವಾಸ್ ಏಳಡಿ ಬಾಗಿಲಲ್ಲಿ ಅಡ್ಡಲಾಗಿ ದಾಟುತ್ತದೆ, ಆದರೆ ಮನೆಯೊಳಗಿನ ಓಣಿಯ ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಸ್ಟುಡಿಯೋದಿಂದ ನೇರವಾಗಿ ಹೊರಗೆ ತೆರೆಯುವ ಬಾಗಿಲೊಂದನ್ನು ನಕ್ಷೆಯಲ್ಲೇ ಇಡಿಸಿ.