ಹುಬ್ಬಳ್ಳಿಯ ಕೂಸಿಗೆ ಇಟಲಿಯ ದಂಪತಿ ಪಾಲಕರಾಗಬಹುದೇ?

ಓದುಗರ ಪ್ರಶ್ನೆ: ಸಿತಾರ್ ಕಲಿಯಲು ಪ್ರತಿವರ್ಷ ಧಾರವಾಡಕ್ಕೆ ಬರುವ ಇಟಲಿಯ ದಂಪತಿ ನಮ್ಮ ಮನೆಯಲ್ಲೇ ಎರಡು ತಿಂಗಳು ಬಾಡಿಗೆಗೆ ಇರುತ್ತಾರೆ. ಹುಬ್ಬಳ್ಳಿಯಲ್ಲಿ ಯಾರೋ ಬಿಟ್ಟುಹೋದ ಹೆಣ್ಣುಕೂಸಿನ ಸುದ್ದಿ ಕೇಳಿದಾಗಿನಿಂದ ಅದನ್ನು ತಾವೇ ಸಾಕುತ್ತೇವೆ ಅನ್ನುತ್ತಿದ್ದಾರೆ. ಜಿಲ್ಲಾ ಕೋರ್ಟಿನಿಂದ ಪಾಲಕತ್ವದ ಆದೇಶ ಪಡೆದರೆ ಕೂಸನ್ನು ತಮ್ಮ ದೇಶಕ್ಕೆ ಕರೆದೊಯ್ಯಬಹುದು ಅಂತ ಹಿರಿಯರೊಬ್ಬರು ಹೇಳಿದರು. ನಿಜವೇ?

ಈಗ ನಿಜವಲ್ಲ. ಹಾಗಂತ ಆ ಹಿರಿಯರು ಸುಳ್ಳು ಹೇಳಿಲ್ಲ. ಒಂದು ಕಾಲಕ್ಕೆ ವಿದೇಶಿಯರಿಗೆ ಇದ್ದದ್ದು ಅದೊಂದೇ ದಾರಿ. 1956ರ ಹಿಂದೂ ದತ್ತಕ ಕಾಯ್ದೆ ಅವರಿಗೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿ ಪಾಲಕರಾಗುತ್ತಿದ್ದರು, ಕೋರ್ಟಿನ ಅನುಮತಿ ಪಡೆದು ಮಗುವನ್ನು ಕರೆದೊಯ್ಯುತ್ತಿದ್ದರು, ದತ್ತು ಮಾಡಿಕೊಳ್ಳುತ್ತಿದ್ದದ್ದು ಅವರ ದೇಶದಲ್ಲಿ. ಅಪಾಯ ಇದ್ದದ್ದೇ ಅಲ್ಲಿ. ಪಾಲಕತ್ವ ಮಗು ಪ್ರಾಪ್ತ ವಯಸ್ಸಿಗೆ ಬರುವವರೆಗೆ ಮಾತ್ರ. ಅಲ್ಲಿ ದತ್ತು ಪೂರ್ತಿಯಾಗದೆ ನಿಂತರೆ ಮಗು ಆ ಮನೆಯ ಮಗಳೂ ಆಗದು, ಆ ದೇಶದ ಪ್ರಜೆಯೂ ಆಗದು. ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮ ಹಾಕಿತು. 1990ರಲ್ಲಿ ಕೇಂದ್ರದ ದತ್ತು ಪ್ರಾಧಿಕಾರ 'ಕಾರಾ' ಬಂತು. ಒಂದು ದೇಶದ ಮಗು ಇನ್ನೊಂದು ದೇಶಕ್ಕೆ ದತ್ತು ಹೋಗುವಾಗ ಪಾಲಿಸಬೇಕಾದ ಅಂತರರಾಷ್ಟ್ರೀಯ ಹೇಗ್ ಒಪ್ಪಂದವನ್ನು 2003ರಲ್ಲಿ ಭಾರತ ಅನುಮೋದಿಸಿತು. ಈಗ ನಡೆಯುವುದು 2015ರ ಬಾಲನ್ಯಾಯ ಕಾಯ್ದೆ. ದತ್ತು ಇಲ್ಲೇ ಮುಗಿಯಬೇಕು, ಆಮೇಲೆ ವಿಮಾನ. ಅದರಲ್ಲೂ 2022ರ ಸೆಪ್ಟೆಂಬರ್ 1ರಿಂದ ಆದೇಶ ಮಾಡುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ.

ದಂಪತಿಯ ಅರ್ಜಿಗಿಂತ ಮೊದಲು ಕೂಸಿನ ಕಡತ ನೋಡಬೇಕು, ಎಲ್ಲವೂ ಅದರ ಮೇಲೆ ನಿಂತಿದೆ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ ಅದು ವಿಶೇಷ ದತ್ತು ಸಂಸ್ಥೆಯಲ್ಲಿರುತ್ತದೆ, ಯಾರ ಮನೆಯಲ್ಲೂ ಅಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಪೊಲೀಸರು ಹೆತ್ತವರನ್ನು ಹುಡುಕುತ್ತಾರೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳು. ಯಾರೂ ಸಿಗದಿದ್ದರೆ ಸಮಿತಿಯ ಕನಿಷ್ಠ ಮೂವರು ಸದಸ್ಯರು ಸೇರಿ 'ದತ್ತಿಗೆ ಕಾನೂನುರೀತ್ಯಾ ಮುಕ್ತ' ಎಂದು ಘೋಷಿಸುತ್ತಾರೆ. ಈ ಒಂದು ಹಾಳೆ ಇಲ್ಲದೆ ಮುಂದಿನ ಯಾವ ಕಾಗದಕ್ಕೂ ಬೆಲೆಯಿಲ್ಲ. ತಾಯಿ ತಾನಾಗಿ ಬಂದು ಸಮಿತಿಗೆ ಒಪ್ಪಿಸಿದ ಮಗುವಿನ ಲೆಕ್ಕ ಬೇರೆ. ಅಲ್ಲಿ ಮನಸ್ಸು ಬದಲಿಸಲು ಅವಳಿಗೆ ಎರಡು ತಿಂಗಳಿದೆ. ಹಾಗೆ ಒಪ್ಪಿಸುವುದು ಅಪರಾಧವಲ್ಲ. ಇದು ಗೊತ್ತಿಲ್ಲದೆಯೇ ಎಷ್ಟೋ ಹೆಣ್ಣುಮಕ್ಕಳು ಕೂಸನ್ನು ಕತ್ತಲಲ್ಲಿ ಬಿಟ್ಟುಹೋಗುತ್ತಾರೆ.

ಘೋಷಣೆಯಾದ ಮೇಲೂ ವಿದೇಶಿಯರ ಸರದಿ ಕೂಡಲೇ ಬರುವುದಿಲ್ಲ. 60 ದಿನ ದೇಶದೊಳಗಿನವರಿಗೆ ಮತ್ತು ಅನಿವಾಸಿ ಭಾರತೀಯರಿಗೆ ಮೀಸಲು. ಆಗಲೂ ಮನೆ ಸಿಗದ ಮಗು ಮಾತ್ರ ಹೊರದೇಶಕ್ಕೆ ಲಭ್ಯ. ಅಂಗವೈಕಲ್ಯವಿರುವವರು, ಒಡಹುಟ್ಟಿದವರ ಜೊತೆಗಿರುವವರು, ಐದು ವರ್ಷ ದಾಟಿದವರು, ಹೊರದೇಶಕ್ಕೆ ಹೋಗುವುದರಲ್ಲಿ ಈ ಮಕ್ಕಳಿಗೆ ಆದ್ಯತೆ. ಆರೋಗ್ಯವಾಗಿರುವ ಎಳೆಗೂಸಿಗೆ ಇಲ್ಲೇ ಸಾವಿರಾರು ದಂಪತಿ ಕಾಯುತ್ತಿದ್ದಾರೆ. ಅದಕ್ಕೇ ನಿಮ್ಮ ಬಾಡಿಗೆದಾರರಿಗೆ ನೀವು ಹೇಳಬೇಕಾದ ಕಷ್ಟದ ಮಾತು ಇದು: 'ಅದೇ ಕೂಸು ಬೇಕು' ಎಂದು ಕೇಳಲು ಬರುವುದಿಲ್ಲ. ಕಣ್ಣಿಗೆ ಬಿದ್ದ ಮಗುವನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಬೇಕೆಂದೇ ಮುಚ್ಚಲಾಗಿದೆ. ಅದು ತೆರೆದಿದ್ದಾಗ ನಡುವೆ ನಿಂತು ದುಡ್ಡು ಮಾಡಿದವರು ಕಡಿಮೆಯಿಲ್ಲ.

ಮಗು ಬೇಕೆಂಬ ಆಸೆ ಗಟ್ಟಿಯಾಗಿದ್ದರೆ ಅವರು ಶುರುಮಾಡಬೇಕಾದದ್ದು ಧಾರವಾಡದಲ್ಲಲ್ಲ, ಇಟಲಿಯಲ್ಲಿ. ಎರಡು ತಿಂಗಳು ಇಲ್ಲಿದ್ದು ಹೋಗುವವರ ಕಾಯಂ ವಾಸ ಅಲ್ಲಿಯದೇ. (ಭಾರತದಲ್ಲೇ ನೆಲೆಸಿದ ವಿದೇಶಿಯರು ತಮ್ಮ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರದೊಂದಿಗೆ ಕಾರಾಕ್ಕೆ ಅರ್ಜಿ ಹಾಕಬಹುದು.) ಕಾರಾ ಮಾನ್ಯತೆ ಪಡೆದ ಅಲ್ಲಿನ ಸಂಸ್ಥೆ ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆದು ಕಾರಾಕ್ಕೆ ಕಳಿಸುತ್ತದೆ. ಮದುವೆಯಾಗಿ ಎರಡು ವರ್ಷವಾದರೂ ಜೊತೆಯಾಗಿ ಬಾಳಿರಬೇಕು. ಇಬ್ಬರ ವಯಸ್ಸು ಕೂಡಿಸಿದರೆ ಎರಡು ವರ್ಷದವರೆಗಿನ ಮಗುವಿಗೆ 85, ನಾಲ್ಕರವರೆಗೆ 90, ಎಂಟರವರೆಗೆ 100, ಅದಕ್ಕಿಂತ ದೊಡ್ಡ ಮಗುವಿಗೆ 110 ಮೀರಬಾರದು. ಮಗುವಿಗೂ ತಂದೆ-ತಾಯಿ ಇಬ್ಬರಲ್ಲಿ ಯಾರಿಗೇ ಆಗಲಿ 25 ವರ್ಷಕ್ಕಿಂತ ಕಡಿಮೆ ಅಂತರ ಇರಬಾರದು.

ಕಾರಾ ತೋರಿಸಿದ ಮಗುವನ್ನು ಅವರು ಒಪ್ಪಿ, ಹೇಗ್ ಒಪ್ಪಂದದ 5 ಮತ್ತು 17ನೇ ವಿಧಿಯಂತೆ ಇಟಲಿಯ ಸಮ್ಮತಿ ಬಂದರೆ ಕಾರಾ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಮಗು ಇರುವ ದತ್ತು ಸಂಸ್ಥೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಡಿಸಿಗೆ ಅರ್ಜಿ ಹಾಕುತ್ತದೆ. ವಿಚಾರಣೆ ಗೋಪ್ಯ, ಎರಡು ತಿಂಗಳಲ್ಲಿ ಮುಗಿಯಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ. ಧಾರವಾಡ, ಗದಗ, ಹಾವೇರಿ ಮೂರು ಜಿಲ್ಲೆಯವರಿಗೂ ಅದು ಬೆಳಗಾವಿ. ಆದೇಶ ಬಂದ ಮೇಲೆ ಹೇಗ್ ಒಪ್ಪಂದದ 23ನೇ ವಿಧಿಯಂತೆ ಕಾರಾ ಕೊಡುವ ಅನುರೂಪತಾ ಪ್ರಮಾಣಪತ್ರ (ದತ್ತು ಒಪ್ಪಂದದಂತೆಯೇ ನಡೆದಿದೆ ಎಂಬ ಪತ್ರ), ಪಾಸ್‌ಪೋರ್ಟ್, ವೀಸಾ. ಮಗುವನ್ನು ಒಯ್ಯಲು ದಂಪತಿ ತಾವೇ ಬರಬೇಕು, ಬೇರೆಯವರ ಕೈಗೆ ಕೊಡುವುದಿಲ್ಲ. ಆಮೇಲೂ ಎರಡು ವರ್ಷ ಮಗು ಹೇಗಿದೆ ಎಂಬ ವರದಿ ಬರಬೇಕು: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ.

ಕೆಲಸ ಕೆಡುವುದು ಬಹಳ ಸಣ್ಣ ಜಾಗಗಳಲ್ಲಿ. ಡಿಸಿ ಆದೇಶದಲ್ಲಿ ದತ್ತುತಾಯಿಯ ಹೆಸರಿನ ಒಂದು ಅಕ್ಷರ ಅವಳ ಪಾಸ್‌ಪೋರ್ಟಿನಂತೆ ಇಲ್ಲದಿದ್ದರೆ ಮಗುವಿನ ಜನನ ಪತ್ರ, ಪಾಸ್‌ಪೋರ್ಟ್, ವೀಸಾ ಮೂರೂ ನಿಲ್ಲುತ್ತವೆ. ಕರಡು ಕೈಗೆ ಬಂದಾಗಲೇ ಅಕ್ಷರ ಅಕ್ಷರ ಕೂಡಿಸಿ ಓದಿ. ಇನ್ನು ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿದ 'ದತ್ತುಪತ್ರ' ತೋರಿಸಿ ಕೂಸನ್ನು ಕೊಡಿಸುತ್ತೇನೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಈ ಕ್ರಮ ಬಿಟ್ಟು ಅನಾಥ ಅಥವಾ ಪರಿತ್ಯಕ್ತ ಮಗುವನ್ನು ಕೊಟ್ಟರೂ ಪಡೆದರೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ದುಡ್ಡು ಕೈ ಬದಲಾದರೆ ಅದು ಮಗುವಿನ ಮಾರಾಟ, ಐದು ವರ್ಷದವರೆಗೆ ಕಠಿಣ ಶಿಕ್ಷೆ. ಆ ಕೂಸಿನ ಫೋಟೋ ನಿಮ್ಮ ವಾಟ್ಸಾಪ್‌ನಲ್ಲಿ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ, ಗುರುತು ಬಯಲು ಮಾಡುವುದೂ ಅಪರಾಧ.

ಕೂಸನ್ನು ಬಿಟ್ಟವರ ಬಗ್ಗೆ ಓಣಿಯಲ್ಲಿ ಯಾರಿಗಾದರೂ ಏನಾದರೂ ಗೊತ್ತಿದ್ದರೆ 1098ಕ್ಕೆ ಫೋನ್ ಮಾಡಿ ಹೇಳಲಿ. ಹೆತ್ತವರನ್ನು ಹುಡುಕುವ ಆ ಎರಡು ತಿಂಗಳು ಇರುವುದು ಅದಕ್ಕೇ.