ಅಂಚಿನ ಪ್ರಶ್ನೆಗಳಿಗೆ ಉತ್ತರ ಕೊಡಿ

ಮಹಾಪ್ರಬಂಧದ ಇಂಗ್ಲಿಷ್ ತಿದ್ದಿ ಕಳುಹಿಸಿದ ಅರ್ಧ ಗಂಟೆಗೇ ‘ತುಂಬಾ ಚೆನ್ನಾಗಿದೆ ಮೇಡಂ, ಧನ್ಯವಾದ’ ಎಂಬ ಸಂದೇಶ ಬಂದರೆ ನನಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚು. ಇನ್ನೂರು ಪುಟಗಳನ್ನು ಅಷ್ಟರಲ್ಲಿ ಓದಿ ಮುಗಿಸಲು ಯಾರಿಂದಲೂ ಆಗದು. ವರ್ಡ್ ಕಡತದಲ್ಲಿ ‘ಅಕ್ಸೆಪ್ಟ್ ಆಲ್’ ಒತ್ತಿ, ಪುಟದ ಅಂಚಿನಲ್ಲಿ ನಾನು ಕೇಳಿದ್ದ ಪ್ರಶ್ನೆಗಳನ್ನೆಲ್ಲ ಅಳಿಸಿ, ಪ್ರಬಂಧವನ್ನು ಬೈಂಡಿಂಗ್‌ಗೆ ಕೊಟ್ಟಿರುತ್ತಾರೆ.

ದಾವಣಗೆರೆಯಲ್ಲಿದ್ದುಕೊಂಡು ಸ್ವತಂತ್ರವಾಗಿ ಈ ಕೆಲಸ ಮಾಡುವ ನನ್ನ ಬಳಿಗೆ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದ ಸಂಶೋಧನಾರ್ಥಿಗಳು, ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು, ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು, ಚಿತ್ರದುರ್ಗದಿಂದ ಇತಿಹಾಸದ ಸಂಶೋಧಕರು ಬರುತ್ತಾರೆ. ಬಹುತೇಕ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಗ್ರಾಮರ್ ಒಂದು ನೋಡಿಕೊಡಿ, ಸಾಕು.’ ವ್ಯಾಕರಣ ನೋಡುವುದು ಇದರಲ್ಲಿ ಸುಲಭದ ಭಾಗ. ಕ್ರಿಯಾಪದ ತಪ್ಪಿದ್ದರೆ ಈಗ ತಂತ್ರಾಂಶವೇ ಹಿಡಿದುಕೊಡುತ್ತದೆ. ಬರೆದವರು ಹೇಳಹೊರಟದ್ದೊಂದು, ವಾಕ್ಯ ಹೇಳುತ್ತಿರುವುದೊಂದು ಆದಾಗ ‘ಇಲ್ಲಿ ನಿಮ್ಮ ಅಭಿಪ್ರಾಯವೇನು?’ ಎಂದು ನಿಲ್ಲಿಸಿ ಕೇಳಲು ಮನುಷ್ಯರೇ ಬೇಕು. ನೀವು ಕೊಡುವ ಹಣದ ಬಹುಪಾಲು ಸಲ್ಲುವುದು ಈ ಪ್ರಶ್ನೆಗಳಿಗೆ.

ಅರ್ಥಶಾಸ್ತ್ರದ ಪ್ರಬಂಧಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಕೋಷ್ಟಕವನ್ನೇ ನೋಡಿ. ಶೀರ್ಷಿಕೆ ‘ದಾವಣಗೆರೆ ಜಿಲ್ಲೆಯ ಜನಸಂಖ್ಯೆ: 1991, 2001, 2011’. ಇಂಗ್ಲಿಷಿನಲ್ಲಿ ಎಳ್ಳಷ್ಟೂ ದೋಷವಿಲ್ಲ. ಆದರೆ ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಬಳ್ಳಾರಿಯಿಂದ ಹರಪನಹಳ್ಳಿ ಸೇರಿ ಈ ಜಿಲ್ಲೆಯಾಯಿತು. ಹಾಗಿದ್ದರೆ 1991ರ ಅಂಕಿ ಎಲ್ಲಿಂದ ಬಂತು? ಆರು ತಾಲ್ಲೂಕುಗಳ ಲೆಕ್ಕವನ್ನು ಕೂಡಿಸಿದ್ದೇ, ಹಳೆಯ ಚಿತ್ರದುರ್ಗ ಜಿಲ್ಲೆಯ ಒಟ್ಟು ಲೆಕ್ಕವನ್ನೇ ಎತ್ತಿಟ್ಟದ್ದೇ? ಸಾಲದ್ದಕ್ಕೆ ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. 2011ರ ಬೆಳೆ ವಿಸ್ತೀರ್ಣದ ಪಕ್ಕದಲ್ಲಿ 2020ರದ್ದನ್ನಿಟ್ಟು ಮೆಕ್ಕೆಜೋಳ ಕಡಿಮೆಯಾಗಿದೆ ಎಂದರೆ, ಕಡಿಮೆಯಾದದ್ದು ಬೆಳೆಯೋ ಜಿಲ್ಲೆಯ ಗಡಿಯೋ? ಇದನ್ನೆಲ್ಲ ಅಂಚಿನಲ್ಲಿ ಬರೆದು ಕೇಳುತ್ತೇನೆ. ಉತ್ತರ ನನ್ನ ಬಳಿ ಇರುವುದಿಲ್ಲ, ಇರಲೂಬಾರದು. ಅಂಕಿ ಎಲ್ಲಿಂದ ಬಂತೆಂದು ಬಲ್ಲವರು ನೀವು. ಕೋಷ್ಟಕದ ಕೆಳಗೆ ಒಂದು ಸಾಲಿನ ಟಿಪ್ಪಣಿ ಹಾಕಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಹಾಕದಿದ್ದರೆ ಅದೇ ಪ್ರಶ್ನೆಯನ್ನು ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಎಲ್ಲರೆದುರು ಕೇಳುತ್ತಾರೆ.

ವೈದ್ಯಕೀಯ ಪ್ರಬಂಧಗಳ ಕಥೆ ಬೇರೆ. ಮೊದಲ ವರ್ಷ ಸಲ್ಲಿಸಿದ ಸಿನಾಪ್ಸಿಸ್‌ನ, ಅಂದರೆ ಸಂಶೋಧನೆಯ ಪ್ರಸ್ತಾವದ, ವಿಧಾನದ ಭಾಗವನ್ನು ಹಾಗೆಯೇ ತಂದು ಅಂತಿಮ ಪ್ರಬಂಧಕ್ಕೆ ಅಂಟಿಸುವುದು ರೂಢಿಯಾಗಿದೆ. ‘ನೂರು ರೋಗಿಗಳನ್ನು ಆಯ್ಕೆ ಮಾಡಲಾಗುವುದು’ ಎಂಬ ಭವಿಷ್ಯತ್ಕಾಲವನ್ನು ಭೂತಕಾಲಕ್ಕೆ ತಿರುಗಿಸಲು ನನಗೆ ಒಂದು ಕ್ಷಣ ಸಾಕು. ಫಲಿತಾಂಶದ ಕೋಷ್ಟಕದಲ್ಲಿ ರೋಗಿಗಳು 92 ಮಂದಿ ಇದ್ದರೆ ನನ್ನ ಕೈ ನಿಲ್ಲುತ್ತದೆ. ಉಳಿದ ಎಂಟು ಮಂದಿ ಏನಾದರು? ಒಪ್ಪಿಗೆ ಹಿಂಪಡೆದರೋ, ಮರುಭೇಟಿಗೆ ಬರಲಿಲ್ಲವೋ, ಮೊದಲೇ ಸಿಗಲಿಲ್ಲವೋ? ಸುಮ್ಮನೆ ಕಾಲ ಬದಲಿಸಿಬಿಟ್ಟರೆ ನಡೆಯದಿದ್ದುದನ್ನು ನಡೆದಿದೆ ಎಂದು ನಿಮ್ಮ ಹೆಸರಿನಲ್ಲಿ ನಾನು ಬರೆದಂತಾಗುತ್ತದೆ.

ಶೇಕಡಾವಾರಿನ ವಾಕ್ಯಗಳಲ್ಲೂ ಇದೇ ಎಚ್ಚರ ಬೇಕು. ಸೋಂಕು ಶೇ 40ರಿಂದ ಶೇ 20ಕ್ಕೆ ಇಳಿದಿದ್ದರೆ ಅದು 20 ಶೇಕಡಾ ಅಂಶಗಳ ಇಳಿಕೆ. ಮೊದಲಿದ್ದುದಕ್ಕೆ ಹೋಲಿಸಿದರೆ ಶೇ 50ರ ಇಳಿಕೆ. ‘ಶೇ 20ರಷ್ಟು ಇಳಿದಿದೆ’ ಎಂದಷ್ಟೇ ಬರೆದರೆ ಓದುಗರು ಯಾವುದೆಂದು ತಿಳಿಯಬೇಕು? ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ತೋರಿಸುವ 0.000 ಎಂಬ ಪಿ ಮೌಲ್ಯವನ್ನು ಮಾತ್ರ ಕೇಳದೆಯೇ ‘0.001ಕ್ಕಿಂತ ಕಡಿಮೆ’ ಎಂದು ತಿದ್ದುತ್ತೇನೆ, ಏಕೆಂದರೆ ಅದು ಸೊನ್ನೆಯಲ್ಲ; ತಂತ್ರಾಂಶ ಮೂರು ಸ್ಥಾನಕ್ಕೆ ನಿಲ್ಲಿಸಿದೆ ಅಷ್ಟೆ.

ಇನ್ನೊಂದು ಕೋರಿಕೆಗೆ ನಾನು ಯಾವತ್ತೂ ಒಪ್ಪುವುದಿಲ್ಲ: ‘ಸಿಮಿಲಾರಿಟಿ ಇಳಿಸಿಕೊಡಿ.’ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಬೇರೆಯವರ ಬರಹದೊಂದಿಗಿನ ಈ ಹೋಲಿಕೆ ಶೇ 10ರವರೆಗಿದ್ದರೆ ದಂಡನೆ ಇಲ್ಲ. ಶೇ 40ರವರೆಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಅದನ್ನು ಮೀರಿ ಶೇ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಹೆಚ್ಚಾದರೆ ನೋಂದಣಿಯೇ ರದ್ದು. ಈ ಭಯದಲ್ಲಿ ಕೆಲವರು ಪದ ಬದಲಿಸುವ ತಂತ್ರಾಂಶದ ಮೊರೆ ಹೋಗುತ್ತಾರೆ. ಅದರ ಫಲವನ್ನು ಜಗತ್ತು ನೋಡಿದೆ: ಬ್ರೆಸ್ಟ್ ಕ್ಯಾನ್ಸರ್ ಎಂದಿರಬೇಕಾದಲ್ಲಿ ‘ಬೂಸಂ ಪೆರಿಲ್’ (ಎದೆಯ ಅಪಾಯ) ಎಂದು ಅಚ್ಚಾದ ಪ್ರಬಂಧಗಳನ್ನು ಸಂಶೋಧಕರು ಪತ್ತೆಹಚ್ಚಿದರು. ಪದ ಬದಲಾದರೂ ಕದ್ದ ವಿಚಾರ ಕದ್ದದ್ದೇ. ಮೂಲವನ್ನು ಓದಿ, ಮುಚ್ಚಿಟ್ಟು, ನಿಮಗೆ ಅರ್ಥವಾದದ್ದನ್ನು ಕನ್ನಡದಲ್ಲಾದರೂ ಸರಿ, ಬರೆದು ತನ್ನಿ. ಅದನ್ನು ಒಳ್ಳೆಯ ಇಂಗ್ಲಿಷಿಗೆ ತರಲು ನಾನು ಎಷ್ಟು ಹೊತ್ತಾದರೂ ಕೂರುತ್ತೇನೆ. ಹೀಗೆ ಬರೆದು ತಂದವರ ಪ್ರಬಂಧದಲ್ಲಿ ಅವರ ದನಿ ಕೇಳಿಸುತ್ತದೆ. ಈ ಕೆಲಸದಲ್ಲಿ ನನಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.

ಕಡತ ಕಳುಹಿಸುವಾಗ ಪಿಡಿಎಫ್ ಬೇಡ, ವರ್ಡ್ ಇರಲಿ. ಸಂಶೋಧನಾ ಪತ್ರಿಕೆಗೆ ಕಳುಹಿಸುವ ಲೇಖನವಾದರೆ ಆ ಪತ್ರಿಕೆಯ ಸೂಚನೆಗಳು, ಎಲ್ಲ ಕೋಷ್ಟಕಗಳು ಜೊತೆಗಿರಲಿ. ಆಕರಗಳ ಉಲ್ಲೇಖಕ್ಕೆ ಝೊಟೆರೊ ಅಥವಾ ಮೆಂಡಲಿ ತಂತ್ರಾಂಶ ಬಳಸಿದ್ದರೆ ಅದರ ಕೊಂಡಿಗಳನ್ನು ಕಿತ್ತುಹಾಕಬೇಡಿ. ದರ ಪದಕ್ಕೆ ಲೆಕ್ಕವೋ ಪುಟಕ್ಕೆ ಲೆಕ್ಕವೋ, ಎರಡನೇ ಸುತ್ತು ಅದರಲ್ಲೇ ಸೇರಿದೆಯೋ ಎಂಬುದನ್ನು ಮೊದಲೇ ಬರಹದಲ್ಲಿ ಮಾತಾಡಿಕೊಳ್ಳಿ. ಹೆಸರುಗಳ ಕಾಗುಣಿತಕ್ಕೂ ಒಂದು ಪಟ್ಟಿ ಮಾಡಿಕೊಡಿ. ಚಿತ್ರದುರ್ಗದ ನಾಯಕರ ಮೇಲಿನ ಒಂದೇ ಅಧ್ಯಾಯದಲ್ಲಿ ಪಾಳೆಯಗಾರರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆದಿರುತ್ತಾರೆ. ನಮ್ಮ ವಿಶ್ವವಿದ್ಯಾಲಯದ ಅಧಿಕೃತ ಇಂಗ್ಲಿಷ್ ಹೆಸರಿಗೂ ಜಿಲ್ಲೆಯ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸವಿದೆ. ವಿಳಾಸದಲ್ಲಿ ಸಂಸ್ಥೆ ಬಳಸುವ ರೂಪವನ್ನೇ ಹಾಕಿ.

ನನ್ನನ್ನು ಸಹಲೇಖಕಿಯಾಗಿ ಸೇರಿಸುತ್ತೇವೆ ಎಂದು ಪ್ರೀತಿಯಿಂದ ಹೇಳುವವರಿದ್ದಾರೆ. ಬೇಡ. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಮಾರ್ಗಸೂಚಿಯಂತೆ ಭಾಷೆ ತಿದ್ದಿದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ. ಕೃತಜ್ಞತೆಯ ಭಾಗದಲ್ಲಿ ಒಂದು ಸಾಲು ಸಾಕು. ಕೃತಕ ಬುದ್ಧಿಮತ್ತೆಯ ಸಾಧನ ಬಳಸಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ. ಪ್ರಬಂಧವನ್ನು ಹೊರಗಿನವರಿಂದ ತಿದ್ದಿಸುತ್ತಿರುವುದು ನಿಮ್ಮ ಮಾರ್ಗದರ್ಶಕರಿಗೆ ಗೊತ್ತಿರಲಿ.

ಇಷ್ಟಕ್ಕೆಲ್ಲ ಸಮಯ ಬೇಕು. ಸಲ್ಲಿಕೆಗೆ ನಾಲ್ಕು ದಿನವಿರುವಾಗ ಬಂದರೆ ಅಲ್ಪವಿರಾಮ ಸರಿಪಡಿಸಬಹುದು, ಅಷ್ಟೆ. ಕನಿಷ್ಠ ಒಂದು ತಿಂಗಳಿರಲಿ. ತಿದ್ದಿದ ಕಡತ ಕೈಗೆ ಬಂದಾಗ ಮೊದಲು ಅಂಚಿನ ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದರ ಕೆಳಗೂ ಉತ್ತರ ಬರೆಯಿರಿ. ನನ್ನ ತಿದ್ದುಪಡಿಯಿಂದ ಅರ್ಥ ಕೆಟ್ಟಿದೆ ಅನ್ನಿಸಿದರೆ ಸಂಕೋಚವಿಲ್ಲದೆ ತಳ್ಳಿಹಾಕಿ, ಏಕೆಂದು ಒಂದು ಮಾತು ಬರೆಯಿರಿ. ಆ ಕಡತ ನನಗೆ ವಾಪಸು ಬಂದ ಮೇಲೆ ಎರಡನೇ ಸುತ್ತು ಶುರುವಾಗುತ್ತದೆ.